ಅತ್ತೆಯ ದುಡ್ಡು, ಅಳಿಯನ ದಾನ

ದೊಡ್ಡವರ ಚರಿತ್ರೆ ಬರೆಯುವವರಿಗೆ 'ತ್ಯಾಗ' ಎಂಬ ಮಾತು ಬಹಳ ಅಗ್ಗಕ್ಕೆ ಸಿಕ್ಕುತ್ತದೆ. ಯಾರ ತ್ಯಾಗ, ಯಾರ ಗಂಟು ಎಂದು ಕೇಳುವ ಗೊಡವೆಗೆ ಅವರು ಹೋಗುವುದಿಲ್ಲ. ಈ ಮಾತಿಗೆ ನನಗೆ ಸಿಕ್ಕಿರುವ ಅತ್ಯುತ್ತಮ ನಿದರ್ಶನ ಹಡ್ಸನ್ ಟೇಲರ್. ನಮ್ಮಲ್ಲಿ ಈ ಹೆಸರು ಕೇಳಿರುವವರು ಹೆಚ್ಚಿಲ್ಲ. ಯಾರ್ಕ್‌ಷೈರಿನ ಬಾರ್ನ್ಸ್‌ಲಿಯಲ್ಲಿ 1832ರಲ್ಲಿ ಹುಟ್ಟಿ, 1905ರಲ್ಲಿ ಚೀನದ ಚಾಂಗ್‌ಷಾ ನಗರದಲ್ಲಿ ತೀರಿಕೊಂಡ ಈತ 1865ರಲ್ಲಿ 'ಚೀನಾ ಇನ್‌ಲೆಂಡ್ ಮಿಷನ್' ಎಂಬ ಸಂಸ್ಥೆಯನ್ನು ಕಟ್ಟಿದ. 1964ರಲ್ಲಿ ಹೆಸರು ಬದಲಿಸಿಕೊಂಡ ಆ ಸಂಸ್ಥೆ ಇಂದಿಗೂ ಇದೆ. ಆಳು ಕೂಡಿಸುವುದರಲ್ಲಿ ಈತನನ್ನು ಮೀರಿಸಿದವರು ಆ ಶತಮಾನದಲ್ಲಿ ವಿರಳ. 1881ರಲ್ಲಿ 70 ಜನ ಬೇಕೆಂದ; ಬಂದರು. 1887ರಲ್ಲಿ ಒಂದೇ ವರ್ಷಕ್ಕೆ 100 ಜನ ಬೇಕೆಂದ. ಸುಮಾರು 600 ಅರ್ಜಿ ಬಂದು, 102 ಮಂದಿ ಹಡಗು ಹತ್ತಿದರು.

ನ್ಯಾಯವಾಗಿ ಆತನಿಗೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಆತ ಹಣಕ್ಕಾಗಿ ಸಭೆಗಳಲ್ಲಿ ಜೋಳಿಗೆ ಹಿಡಿಯಲಿಲ್ಲ. ಯಾರಿಗೂ ಇಂತಿಷ್ಟು ಸಂಬಳವೆಂದು ಗೊತ್ತುಮಾಡಲಿಲ್ಲ, ತನಗೂ ಇಲ್ಲ. ಕೋಟುಹ್ಯಾಟುಗಳನ್ನು ಬಿಟ್ಟು ಚೀನೀಯರ ಉಡುಗೆ ಉಟ್ಟು, ತಲೆ ಬೋಳಿಸಿ ಜಡೆ ಬಿಟ್ಟ. ಷಾಂಘಾಯಿಯ ಬಿಳಿಯರು ನಕ್ಕರು. ಮದುವೆಯಾಗದ ಹೆಂಗಸರನ್ನೂ ಮಿಷನರಿಗಳಾಗಿ ಕರೆದೊಯ್ದ. ಹೆಂಡತಿಯೆಂದರೆ ಗಂಡನ ಸಾಮಾನಿನ ಜೊತೆಯ ಸಾಮಾನು ಎಂದು ಇತರ ಸಂಸ್ಥೆಗಳು ಭಾವಿಸಿದ್ದ ಕಾಲದಲ್ಲಿ ಆಕೆಯೂ ತನ್ನ ಹಕ್ಕಿನಿಂದಲೇ ಮಿಷನರಿ ಎಂದ. ಇಷ್ಟು ಕಂಡಿದ್ದವನು ಇನ್ನೊಂದನ್ನು ಕಾಣದೆ ಹೋದನಲ್ಲ ಎಂಬುದೇ ನನ್ನ ತಕರಾರು. ಕುರುಡನ ಮೇಲೆ ಯಾರೂ ದೂರು ಹೇಳುವುದಿಲ್ಲ.

ಆತನ ಬಳಿ ಒಂದು ಲೆಕ್ಕವಿತ್ತು: ಚೀನದಲ್ಲಿ ತಿಂಗಳಿಗೆ ಹತ್ತು ಲಕ್ಷ ಜನ ದೇವರನ್ನು ಅರಿಯದೆ ಸಾಯುತ್ತಿದ್ದಾರೆ. ಸಭೆಯಿಂದ ಸಭೆಗೆ ಈ ಲೆಕ್ಕವನ್ನು ಹೊತ್ತು ತಿರುಗಿದ. 1865ರಲ್ಲಿ ಚೀನದ ಆಧ್ಯಾತ್ಮಿಕ ಅಗತ್ಯವನ್ನು ಕುರಿತು ಪುಸ್ತಿಕೆಯೊಂದನ್ನು ಹೊರಡಿಸಿದ. ಆತ ಕೋಣೆಯಲ್ಲಿ ಅತ್ತಿತ್ತ ನಡೆಯುತ್ತ ಹೇಳುತ್ತಿದ್ದ, ಹೆಂಡತಿ ಮರಿಯಾ ಬರೆದುಕೊಳ್ಳುತ್ತಿದ್ದಳು; ಮುಖಪುಟದಲ್ಲಿ ಆತನ ಹೆಸರೊಂದೇ. ಹೋಗಲಿ, ಅದು ಎಲ್ಲ ದೇಶದ ಗ್ರಂಥಕರ್ತರ ಅಭ್ಯಾಸ. ಲೆಕ್ಕದ ಮಾತಿಗೆ ಬರೋಣ. ತಕ್ಕಡಿಯ ಒಂದು ತಟ್ಟೆಯಲ್ಲಿ ತಿಂಗಳಿಗೆ ಹತ್ತು ಲಕ್ಷ ಜೀವ ಇಟ್ಟಮೇಲೆ ಇನ್ನೊಂದು ತಟ್ಟೆಯಲ್ಲಿ ಏನಿಟ್ಟರೆ ತೂಗುತ್ತದೆ? ಜ್ವರ ಬಂದ ಒಂದು ಮಗು? 'ನನಗೆ ಸಾಕಾಯಿತು, ಊರಿಗೆ ಹೋಗೋಣ' ಎನ್ನುವ ಒಬ್ಬ ಹೆಂಗಸು? ಈ ಲೆಕ್ಕದ ಮುಂದೆ ಯಾವ ಮನೆಯವರೂ 'ಇಲ್ಲ' ಎನ್ನಲಾರರು; ಎಂದರೆ ಪಾಪ. ಉತ್ತರ ಕೊಡಲು ಎಡೆಯೇ ಇಲ್ಲದ ಪ್ರಶ್ನೆಯನ್ನು ಕೇಳಿ, ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡವನು ಟೇಲರ್.

ಮನೆಯ ಲೆಕ್ಕ ಹೀಗಿದೆ. 1866ರ ಮೇ ತಿಂಗಳಲ್ಲಿ 'ಲ್ಯಾಮರ್‌ಮ್ಯೂರ್' ಎಂಬ ಹಡಗಿನಲ್ಲಿ 16 ಮಂದಿ ಹೊಸ ಮಿಷನರಿಗಳೊಡನೆ ಟೇಲರ್ ದಂಪತಿಗಳು ಹೊರಟರು. ಜೊತೆಗೆ ನಾಲ್ಕು ಮಕ್ಕಳು. 1867ರ ಆಗಸ್ಟಿನಲ್ಲಿ ಹಿರಿಯ ಮಗಳು ಗ್ರೇಸ್ ಎಂಟು ವರ್ಷದವಳು ಮಿದುಳಿನ ಜ್ವರದಿಂದ ಸತ್ತಳು. ಮರುವರ್ಷ ಯಾಂಗ್‌ಚೌ ಊರಿನಲ್ಲಿ ಜನ ದಂಗೆಯೆದ್ದು ಮನೆಗೆ ಬೆಂಕಿಯಿಟ್ಟಾಗ ಬಸುರಿ ಮರಿಯಾ ಮಹಡಿಯ ಕಿಟಕಿಯಿಂದ ಹಾರಿಕೊಂಡು ಜೀವ ಉಳಿಸಿಕೊಂಡಳು. 1870ರ ಫೆಬ್ರವರಿಯಲ್ಲಿ ಐದು ವರ್ಷದ ಸ್ಯಾಮ್ಯುಯೆಲ್ ಹೋದ. ಮಾರ್ಚಿಯಲ್ಲಿ ಉಳಿದ ಮಕ್ಕಳಲ್ಲಿ ಮೂವರನ್ನು, ಹರ್ಬರ್ಟ್, ಹೋವರ್ಡ್ ಮತ್ತು ಪುಟ್ಟ ಮರಿಯಾ, ಇಂಗ್ಲೆಂಡಿಗೆ ಕಳುಹಿಸಿದರು. ಕೈಕೂಸೊಂದು ಮಾತ್ರ ತಾಯಿಯ ಬಳಿ ಉಳಿಯಿತು. ಜುಲೈ 7ರಂದು ಇನ್ನೊಂದು ಗಂಡುಮಗು ಹುಟ್ಟಿ, ಹದಿಮೂರು ದಿನ ಬದುಕಿತು. ಅದಾದ ಮೂರನೆಯ ದಿನ ಮರಿಯಾ ಸತ್ತಳು. ಆಗ ಆಕೆಗೆ ಮೂವತ್ತಮೂರು ವರ್ಷ. ಕಳುಹಿಸಿದ ಮಕ್ಕಳು ತಾಯಿಯನ್ನು ಮತ್ತೆ ಕಾಣಲಿಲ್ಲ.

'ಆಕೆ ಒಪ್ಪಿಯೇ ಹೋದವಳಲ್ಲವೆ?' ಎಂದು ಕೇಳುತ್ತಾರೆ. ಹೌದು. ಮರಿಯಾ ಮಲಾಕ್ಕಾದಲ್ಲಿ ಮಿಷನರಿಯ ಮಗಳಾಗಿ ಹುಟ್ಟಿದವಳು, ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡವಳು, ಟೇಲರನ ಕೈಹಿಡಿಯುವ ಮೊದಲೇ ನಿಂಗ್‌ಪೋದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದವಳು. ಆಕೆಯನ್ನು ಕುರಿತು ಅಯ್ಯೋ ಪಾಪ ಎನ್ನುವುದು ಆಕೆಗೇ ಅವಮಾನ. ಆದರೆ ಆಕೆ ತನ್ನ ಪಾಲಿಗೆ ಸಹಿ ಹಾಕಿದ್ದಳು. ಗ್ರೇಸ್ ಯಾವ ಅರ್ಜಿ ಹಾಕಿದ್ದಳು? ಸ್ಯಾಮ್ಯುಯೆಲನಿಗೆ ಹಡಗು ಹತ್ತುವಾಗ ಎರಡು ವರ್ಷ.

ಇನ್ನೊಂದು ಸಂಗತಿಯನ್ನು ಚರಿತ್ರಕಾರರು ಬಹು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದನ್ನು ಓದಿದಾಗಲೆಲ್ಲ ಬೇರೊಬ್ಬಳ ನೆನಪಾಗುತ್ತದೆ. 1871ರಲ್ಲಿ ಟೇಲರ್ ಜೆನ್ನಿ ಫೋಲ್ಡಿಂಗ್ ಎಂಬಾಕೆಯನ್ನು ಮದುವೆಯಾಗಿದ್ದ. ಆಕೆಯೂ ಲ್ಯಾಮರ್‌ಮ್ಯೂರ್ ಹಡಗಿನವಳೇ. 1878ರಲ್ಲಿ ಉತ್ತರ ಚೀನದಲ್ಲಿ ಭೀಕರ ಕ್ಷಾಮ. ಟೇಲರನಿಗೆ ಇಂಗ್ಲೆಂಡ್ ಬಿಡಲಾಗದು, ಮಿಷನ್ನಿನ ಕೆಲಸ. ಆದ್ದರಿಂದ ಜೆನ್ನಿ ಹೋಗತಕ್ಕದ್ದೆಂದು ನಿಶ್ಚಯವಾಯಿತು. ಹೋದಳು, ಷಾನ್ಸಿ ಪ್ರಾಂತದ ಹಸಿದ ಅನಾಥ ಮಕ್ಕಳಿಗಾಗಿ ದುಡಿದಳು. ದೊಡ್ಡ ಕೆಲಸ, ಸಂಶಯವಿಲ್ಲ. ಆದರೆ ಮನೆಯಲ್ಲಿ ಏಳು ಮಕ್ಕಳಿದ್ದರು: ಮರಿಯಾಳ ನಾಲ್ವರು, ಜೆನ್ನಿಯ ಇಬ್ಬರು, ಸಾಕಿದ್ದು ಒಂದು. ಅವರನ್ನು ನೋಡಿಕೊಂಡವಳು ಟೇಲರನ ತಂಗಿ ಅಮೀಲಿಯಾ ಬ್ರೂಮ್‌ಹಾಲ್. ಆಕೆಗೆ ತನ್ನವೇ ಹತ್ತು. ಹದಿನೇಳು ಮಕ್ಕಳ ಬಟ್ಟೆ, ಊಟ, ಕೆಮ್ಮು, ಜಗಳ! ಇದನ್ನು ಓದುವ ಯಾವ ಕನ್ನಡ ಗೃಹಿಣಿಗೂ ಚೀನದ ಭೂಪಟ ಬೇಕಾಗಿಲ್ಲ. ಚರಿತ್ರೆಗಳಲ್ಲಿ ಅಮೀಲಿಯಾಳಿಗೆ ಒಂದೆರಡು ಪುಟ ಸಿಕ್ಕಿವೆ. ತ್ಯಾಗದ ಪಟ್ಟ ಮಾತ್ರ ಅಣ್ಣನಿಗೆ.

'ಮಕ್ಕಳೇ ದೂರಲಿಲ್ಲ, ನೀವೇಕೆ ದೂರುತ್ತೀರಿ?' ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಸುಲಭ. ಟೇಲರನ ಪ್ರಸಿದ್ಧ ಜೀವನಚರಿತ್ರೆ ಎರಡು ದಪ್ಪ ಸಂಪುಟಗಳು, 1911 ಮತ್ತು 1918ರವು. ಬರೆದವರು ಹೋವರ್ಡ್ ಟೇಲರ್ ಮತ್ತು ಆತನ ಹೆಂಡತಿ. ಏಳನೆಯ ವಯಸ್ಸಿನಲ್ಲಿ ತಾಯಿಯನ್ನು ಬಿಟ್ಟು ಹೊರಟ ಹೋವರ್ಡನೇ ಈತ. ದೊಡ್ಡವನಾಗಿ ಅದೇ ಮಿಷನ್ನಿನ ವೈದ್ಯನಾದ. ಸಾಲ ಕೊಟ್ಟವನಿಂದಲೇ ಸಾಲಗಾರನ ಜಮಾಖರ್ಚು ಬರೆಸಿ, 'ನೋಡಿ, ಬಾಕಿಯೇ ಇಲ್ಲ' ಎಂದರೆ ಯಾವ ಶ್ಯಾನುಭೋಗ ಒಪ್ಪಿಯಾನು? ತಂದೆಯ ಲೆಕ್ಕವೊಂದೇ ಜಗತ್ತಿನ ಲೆಕ್ಕವೆಂದು ಬೆಳೆದ ಮಗನಿಗೆ ಬೇರೆ ಅಳತೆಗೋಲು ಎಲ್ಲಿಂದ ಬರಬೇಕು!

ನಮ್ಮಲ್ಲಿ ಮತ್ತೊಂದು ಬಗೆಯವರಿದ್ದಾರೆ. ಮಿಷನರಿ ಎಂದೊಡನೆ 'ಸಾಮ್ರಾಜ್ಯದ ಏಜೆಂಟರು' ಎಂದು ಹೇಳಿ ಪುಸ್ತಕ ಮುಚ್ಚುತ್ತಾರೆ. ಅಫೀಮಿನ ಯುದ್ಧಗಳು ತೆರೆಸಿದ ಬಾಗಿಲಿನಿಂದಲೇ ಈ ಜನ ಚೀನವನ್ನು ಹೊಕ್ಕರೆಂಬುದು ನಿಜ. ಅಫೀಮಿನ ವ್ಯಾಪಾರವನ್ನು ಟೇಲರ್ ವಿರೋಧಿಸಿದನೆಂಬುದೂ ನಿಜ. ಆದರೆ ಎಂಟು ವರ್ಷದ ಗ್ರೇಸ್ ಯಾವ ಸಾಮ್ರಾಜ್ಯದ ಏಜೆಂಟಳು? ಭಕ್ತರೂ ಆಕೆಯನ್ನು ನೋಡುವುದಿಲ್ಲ, ವಿರೋಧಿಗಳೂ ನೋಡುವುದಿಲ್ಲ. ಈ ಒಂದು ವಿಷಯದಲ್ಲಿ ಇಬ್ಬರಿಗೂ ಎಂಥ ಸ್ನೇಹ!

ಇದೆಲ್ಲ ದೂರದ ಚೀನದ ಮಾತು ಎನ್ನುವವರು ಮಂಗಳೂರಿನ ಕಡೆ ತಿರುಗಬಹುದು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ನಿಗೆ ಕನ್ನಡಿಗರು ಋಣಿಗಳು. ಕಿಟ್ಟೆಲರ 1894ರ ನಿಘಂಟು, ಮೊಗ್ಲಿಂಗರ 1843ರ 'ಮಂಗಳೂರ ಸಮಾಚಾರ', ಇವನ್ನು ನೆನೆಯದ ಭಾಷಣವಿಲ್ಲ. ಆ ಸಂಸ್ಥೆಯಲ್ಲಿ ಮದುವೆಗೂ ಬಾಸೆಲಿನ ಸಮಿತಿಯ ಅಪ್ಪಣೆ ಬೇಕಿತ್ತು. ಎಷ್ಟೋ ವಧುಗಳು ಕಂಡರಿಯದ ವರನನ್ನು ವರಿಸಲು ಹಡಗು ಹತ್ತಿ ಬಂದರು. ಮಕ್ಕಳು ಶಾಲೆಯ ವಯಸ್ಸಿಗೆ ಬರುತ್ತಲೇ ಯೂರೋಪಿನ ಮಿಷನ್ ಮನೆಗಳಿಗೆ ರವಾನೆ. ಮಲಯಾಳದ ನಿಘಂಟುಕಾರ ಗುಂಡರ್ಟರ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಎಳೆತನದಲ್ಲೇ ಹಾಗೆ ಯೂರೋಪಿನಲ್ಲಿ ಬಿಡಲ್ಪಟ್ಟು, ತಂದೆತಾಯಿಯರಿದ್ದ ಮಲಬಾರಿಗೆ ಮರಳಿದ್ದು 1857ರಲ್ಲಿ. 'ಸಿದ್ಧಾರ್ಥ'ವನ್ನು ಬರೆದ ಹೆರ್ಮನ್ ಹೆಸ್ಸೆಯ ತಾಯಿ ಈಕೆಯೇ. ನಮ್ಮ ನಿಘಂಟಿನ ಪುಟಗಳಿಗೂ ಇಂಥ ಮನೆಗಳು ಬೆಲೆ ತೆತ್ತಿವೆ. ಉತ್ಸವದ ಭಾಷಣಗಳಲ್ಲಿ ಅದರ ಸುದ್ದಿಯಿಲ್ಲ.

ಹರಿಶ್ಚಂದ್ರನೂ ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದನಲ್ಲ ಎಂದು ಯಾರಾದರೂ ಎದ್ದು ನಿಂತಾರು. ಮಾರಿದ. ಆದರೆ ರಾಘವಾಂಕ ಚಂದ್ರಮತಿಯನ್ನು ಸುಡುಗಾಡಿಗೆ ಕರೆತಂದು, ಲೋಹಿತಾಶ್ವನ ಹೆಣದ ಮೇಲೆ ಬಾಯಿತುಂಬ ಅಳಲು ಬಿಟ್ಟಿದ್ದಾನೆ. ನಾಟಕ ನೋಡುವ ನಮ್ಮ ಹಳ್ಳಿಯ ಜನಕ್ಕೆ ಕಣ್ಣೀರು ಬರುವುದು ಆಗ, ಅರಸನ ಪ್ರತಿಜ್ಞೆಯನ್ನು ಕೇಳಿದಾಗಲ್ಲ. ಮಿಷನ್ನಿನ ಚರಿತ್ರಕಾರರಿಗೆ ಅಷ್ಟು ಧೈರ್ಯವೂ ಇಲ್ಲ. ಅವರ ಪುಸ್ತಕಗಳಲ್ಲಿ ಪ್ರತಿ ಸಾವಿನ ಹಿಂದೆಯೂ ಒಂದು ಸ್ತೋತ್ರ ಸಿದ್ಧವಾಗಿರುತ್ತದೆ.

ತನ್ನ ಮನೆಯಲ್ಲಿ ಮಾಡಿದ್ದನ್ನು ಟೇಲರ್ ಇತರರ ಮನೆಗಳಿಗೂ ಪದ್ಧತಿಯಾಗಿ ಕಟ್ಟಿಕೊಟ್ಟ ಎಂಬುದು ಇದಕ್ಕಿಂತ ಗುರುತರವಾದ ಆರೋಪ. 1881ರಲ್ಲಿ ಚೀಫೂ ಎಂಬ ಕಡಲೂರಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ ವಸತಿ ಶಾಲೆ ತೆರೆದರು. ತಂದೆತಾಯಿಯರು ಒಳನಾಡಿನಲ್ಲಿ, ಮಕ್ಕಳು ಕಡಲ ತೀರದಲ್ಲಿ. ತಂದೆತಾಯಿಯರ ಬಳಿಯೇ ಉಳಿದ ಮಕ್ಕಳಿಗಾದರೂ ಕ್ಷೇಮವಿತ್ತೇ? 1900ರ ಬಾಕ್ಸರ್ ದಂಗೆಯಲ್ಲಿ ಈ ಮಿಷನ್ನಿನ 58 ಮಂದಿ ದೊಡ್ಡವರೂ 21 ಮಂದಿ ಮಕ್ಕಳೂ ಹತರಾದರು. ಆ 58 ಜನರ ಹೆಸರನ್ನು ಹುತಾತ್ಮರ ಪಟ್ಟಿಯಲ್ಲಿ ಬರೆಯುವುದಕ್ಕೆ ನನ್ನ ಅಡ್ಡಿಯಿಲ್ಲ. 21 ಮಕ್ಕಳನ್ನು ಅದೇ ಪಟ್ಟಿಗೆ ಸೇರಿಸುವಾಗ ಮಾತ್ರ ಕೈ ನಡುಗಬೇಕು.

ಮುಂದೆ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಚೀಫೂ ಶಾಲೆಯ ಮಕ್ಕಳನ್ನೂ ಗುರುಗಳನ್ನೂ ಹಿಡಿದು, 1943ರಲ್ಲಿ ವೈಷಿಯೆನ್ ಶಿಬಿರಕ್ಕೆ ತಳ್ಳಿದರು. ಅವರಲ್ಲಿ ಟೇಲರನ ಮರಿಮಕ್ಕಳು ನಾಲ್ವರಿದ್ದರು. 1945ರಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅವರು ಹೆತ್ತವರ ಮುಖ ನೋಡಿ ಐದು ವರ್ಷಕ್ಕೂ ಮೇಲಾಗಿತ್ತು. ಎಂಬತ್ತು ದಾಟಿದ ಅವರ ತಾತ ಹರ್ಬರ್ಟನೂ ಅದೇ ಶಿಬಿರದಲ್ಲಿದ್ದ. 1870ರ ಮಾರ್ಚಿಯಲ್ಲಿ, ಒಂಬತ್ತು ತುಂಬುವ ಮೊದಲು, ತಮ್ಮತಂಗಿಯರೊಡನೆ ಹಡಗು ಹತ್ತಿಸಿಕೊಂಡ ಹುಡುಗ ಆತನೇ.