ಸುಭದ್ರೆ ನಿದ್ದೆ ಮತ್ತು ಚಿತ್ರಲೇಖೆಯ ಪ್ರಶ್ನೆ

ನಮ್ಮ ಕಡೂರು ಸೀಮೆ ಹಳ್ಳಿಗಳಲ್ಲಿ ಸುಗ್ಗಿ ಮುಗೀತು ಅಂದ್ರೆ ಹಾರ್ಮೋನಿಯಂ ಮೇಷ್ಟ್ರು ಬಂದು 'ಕುರುಕ್ಷೇತ್ರ' ಕಲಿಸೋದು ಹಳೇ ರೂಢಿ. ಅಭಿಮನ್ಯು ಸಾಯೋ ಹೊತ್ತಿಗೆ ಬೆಳಗಿನ ಜಾವ ಆಗಿರ್ತದೆ, ಅರ್ಧ ಜನ ತೂಕಡಿಸ್ತಿರ್ತಾರೆ, ಆದ್ರೂ ಆ ಸೀನಿಗೆ ಎಲ್ಲಾ ಹೆಂಗಸರೂ ಎದ್ದು ಕೂತು ಸೆರಗಲ್ಲಿ ಕಣ್ಣೊರೆಸ್ಕೊಳ್ತಾರೆ. ನಾನೂ ಅತ್ತಿದ್ದೀನಿ. ಆದ್ರೆ ಒಂದು ಮಾತು ಕೇಳ್ತೀನಿ, ನೀವೇ ಹೇಳ್ರಿ. ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ ಅಂತ ಆ 16 ವರ್ಷದ ಹುಡುಗ ಬಾಯಿಬಿಟ್ಟು ಹೇಳಿದ್ದ. ಹೋಗು ಅಂದೋರು ದೊಡ್ಡೋರು. ಜನ ತಪ್ಪು ಹೊರಿಸೋದು ಮಾತ್ರ ಬಸುರೀಲಿ ಕಥೆ ಕೇಳ್ತಾ ನಿದ್ದೆ ಹೋದ ಸುಭದ್ರೆ ಮೇಲೆ! ಈಗ್ಲೂ ಹಂಗೇ ಅಲ್ವಾ, ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ಮೊದ್ಲು ಬೈಸ್ಕೊಳ್ಳೋಳು ಮನೇಲಿರೋ ತಾಯಿನೇ.

ಹಳೇ ಕಥೆನ ಹೊಸದಾಗಿ ಆಡಿದ್ರೆ 'ಪುರಾಣ ಕೆಡಿಸ್ತಾರೆ' ಅಂತ ನಮ್ಮ ಮನೆಗಳಲ್ಲೇ ಎಷ್ಟೋ ಜನ ಮೂಗು ಮುರೀತಾರೆ. ನಾನು ಒಪ್ಪಲ್ಲ. ನಮ್ಮ ಜಿಲ್ಲೆ ಕೊಪ್ಪ ತಾಲ್ಲೂಕಲ್ಲೇ ಹುಟ್ಟಿದ ಕುವೆಂಪು ಅವರು ಇಂಗ್ಲಿಷಿನ ಹ್ಯಾಮ್ಲೆಟ್ಟನ್ನ ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಲಿಲ್ವಾ? ಹಂಗೆ ತಿರುಗಿಸಿ ನೋಡಿದಾಗ್ಲೇ ಕೆಲವು ಮಾತು ಕಾಣೋದು.

'ಯಯಾತಿ'ನೇ ತಗೊಳ್ರಿ. ಗಿರೀಶ ಕಾರ್ನಾಡರು ಅದನ್ನ ಬರೆದಾಗ ಅವರಿಗೆ 22 ವರ್ಷ. ವಿದೇಶಕ್ಕೆ ಓದೋಕೆ ಹೊರಟಿದ್ದ ಹುಡುಗ, ಅಪ್ಪ ಅಮ್ಮನ ಆಸೆ ಭಾರ ಹೆಗಲ ಮೇಲಿತ್ತು ಅಂತ ಮುಂದೆ ಅವರೇ ಬರಕೊಂಡವ್ರೆ. 1961ರಲ್ಲಿ ಪುಸ್ತಕ ಬಂತು. ಭಾರತದ ಕಥೇಲಿ ಅಪ್ಪನ ಮುಪ್ಪು ತಗೊಂಡ ಪುರು ಒಳ್ಳೇ ಮಗ, ರಾಜ್ಯನೂ ಸಿಕ್ತು, ಕಥೆ ಮುಗೀತು. ಕಾರ್ನಾಡರು ಅಲ್ಲಿಗೆ ಒಬ್ಬ ಸೊಸೆನ ತಂದ್ರು, ಚಿತ್ರಲೇಖೆ. ಮದುವೆಯಾಗಿ ಆಗತಾನೆ ಬಂದೋಳು. ಬಾಗಿಲಲ್ಲಿ ನಿಂತಿರೋ ಗಂಡ ಮುದುಕ! ಅವಳು ಮಾವನ್ನೇ ಎದುರು ಹಾಕ್ಕೊಂಡು ಕೇಳ್ತಾಳೆ. ಮಗ ಕೊಟ್ಟ, ನೀವು ತಗೊಂಡ್ರಿ, ನನ್ನ ಯಾರು ಕೇಳಿದ್ರು? ಉತ್ತರ ಸಿಗದೆ ವಿಷ ಕುಡೀತಾಳೆ, ಆಮೇಲೆ ಮುದುಕನಿಗೆ ಬುದ್ಧಿ ಬರ್ತದೆ.

ಇದು ರಾಜರ ಮನೆ ಕಥೆ ಅಂತೀರಾ? ಅಪ್ಪನ ಸಾಲ, ತೋಟದ ಬೋರ್‌ವೆಲ್ಲು, ತಂಗಿ ಮದುವೆ ಅಂತ ಕಾಲೇಜು ಬಿಟ್ಟ ಹುಡುಗರು ಅಜ್ಜಂಪುರ ತರೀಕೆರೆ ಕಡೆ ಬೀದಿಗೊಬ್ಬರು ಸಿಗ್ತಾರೆ. 'ಎಂಥಾ ಮಗ' ಅಂತ ನಾವೇ ಹೊಗಳ್ತೀವಿ. ಹೊಗಳೋದು ನಮಗೆ ಸುಲಭ ಕಣ್ರವ್ವ.

ಜರ್ಮನಿಲಿ ಫ್ರಾಂಕ್ ವೆಡೆಕಿಂಡ್ ಅನ್ನೋರು 1891ರಲ್ಲೇ ಇಂಥದೊಂದು ನಾಟಕ ಅಚ್ಚು ಹಾಕಿಸಿದ್ರು, ಇಂಗ್ಲಿಷಲ್ಲಿ ಅದು 'ಸ್ಪ್ರಿಂಗ್ ಅವೇಕನಿಂಗ್'. ಮಕ್ಕಳು ಹೆಂಗೆ ಹುಟ್ತಾವೆ ಅಂತ ಮಗಳು ಕೇಳಿದ್ರೆ ತಾಯಿ ನಾಚಿ ಏನೋ ಹೇಳಿ ಜಾರ್ಕೊಳ್ತಾಳೆ. ಗೊತ್ತಿಲ್ಲದೇ ಬಸುರಾದ ಹುಡುಗಿಗೆ ಕದ್ದು ಗರ್ಭ ತೆಗೆಸೋಕೆ ಹೋಗ್ತಾರೆ, ಮಗು ಸತ್ತೇ ಹೋಗ್ತಾಳೆ. ಇನ್ನೊಬ್ಬ ಹುಡುಗ ಸ್ಕೂಲಲ್ಲಿ ಫೇಲಾಗಿ ಜೀವ ಕಳ್ಕೊಳ್ತಾನೆ. ಬರ್ಲಿನ್ನಲ್ಲಿ ಅದನ್ನ ರಂಗದ ಮೇಲೆ ತರೋಕೆ 1906 ಆಗ್ಬೇಕಾಯ್ತು, ಅದೂ ಕತ್ತರಿ ಹಾಕಿ. ನೂರು ವರ್ಷ ಆದ್ಮೇಲೆ 2006ರಲ್ಲಿ ಅಮೆರಿಕದ ಬ್ರಾಡ್‌ವೇನಲ್ಲಿ ಹಾಡಿನ ನಾಟಕ ಮಾಡಿದ್ರು. ನನಗೆ ಹಿಡಿಸಿದ್ದು ಅವರ ಒಂದು ಉಪಾಯ. ಬಟ್ಟೆಬರೆ ಎಲ್ಲ ಆ ಹಳೇ ಕಾಲದ್ದೇ. ಮನಸ್ಸಿನ ಮಾತು ಹಾಡೋವಾಗ ಮಾತ್ರ ಹುಡುಗರು ಕೋಟಿನ ಒಳಗಿಂದ ಮೈಕು ತೆಗೆದು ಈಗಿನ ರಾಕ್ ಹಾಡು ಹಾಡ್ತಾರೆ.

ನಮ್ಮಲ್ಲಿ ಕೆಲವರು ಮಾಡೋದು ಇದರ ಉಲ್ಟಾ. ಪುರುಗೆ ಜೀನ್ಸ್ ಹಾಕಿ ಕೈಗೆ ಮೊಬೈಲ್ ಕೊಡ್ತಾರೆ, ಮಾತು ಮಾತ್ರ ಹಳೇದೇ, 'ಪಿತೃವಾಕ್ಯ'. ಅದಕ್ಕಿಂತ ಕಿರೀಟ ಇರ್ಲಿ ಬಿಡ್ರಿ, ಆ ಹುಡುಗನ ಬಾಯಿಗೆ ಅವನದೇ ಮಾತು ಬರ್ಲಿ. ಇನ್ನು ಸ್ಕೂಲ್ ಡೇಗೆ ಇಂಥ ನಾಟಕ ಆಡಿಸೋವಾಗ ಹೆಣ್ಣುಮಕ್ಕಳು ತಿರುಗಿ ಕೇಳೋ ಜಾಗನೇ ಹುಡುಕಿ ಕತ್ತರಿಸೋದು ಯಾಕೋ! 'ಪೇರೆಂಟ್ಸ್ ಏನಂದ್ಕೋತಾರೆ' ಅಂತಾರಂತೆ. ಪೇರೆಂಟ್ಸ್ ಅಂದ್ರೆ ನಾವೇ ತಾನೆ? ನಮ್ಮನ್ನ ಯಾರೂ ಕೇಳಿಲ್ಲ.

ನಾಟಕ ನೋಡಿದ್ರೆ ಮಕ್ಕಳು ಕೆಡ್ತಾರೆ ಅನ್ನೋರಿಗೂ ಒಂದು ಮಾತು. ಮುಟ್ಟಾಗಿ ಎರಡು ವರ್ಷ ಆದ್ರೂ ಅದು ಯಾಕೆ ಅಂತ ಗೊತ್ತಿಲ್ಲದ ಹುಡುಗಿ ನಮ್ಮ ನೆಂಟರಲ್ಲೇ ಇದ್ಲು, ಅವಳಿಗೆ ನಾಟಕ ತೋರಿಸಿದೋರು ಯಾರೂ ಇರ್ಲಿಲ್ಲ. ತಿಳಿಯದೇ ಇರೋದ್ರಿಂದ ಯಾರು ಉದ್ಧಾರ ಆದ್ರು ಹೇಳ್ರಿ.

ನಮಗೇನು ದೂರ ಹೋಗ್ಬೇಕಾಗಿಲ್ಲ. ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತೆ. ಅಜ್ಜಂಪುರದಿಂದಾಚೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಲಿ ಶಿವಸಂಚಾರದೋರವ್ರೆ, ಅಲ್ಲಿ ನವೆಂಬರಲ್ಲಿ ನಾಟಕೋತ್ಸವ. ಸಂಜೆ ಹೊತ್ತು ಅಂತ ಗಂಡುಹುಡುಗರನ್ನ ಕಳಿಸಿ, ಹೆಣ್ಣುಮಕ್ಕಳನ್ನ ಅನ್ನಕ್ಕಿಡೋಕೆ ಮನೇಲಿ ಬಿಟ್ಟು ಬರೋದೇ ನಮ್ಮ ರೂಢಿ. ಈ ಸಲ ನಾಲ್ಕು ಮನೆಯೋರು ಸೇರಿ ಒಂದು ಗಾಡಿ ಮಾಡೋಣ. ಹತ್ತನೇ ಕ್ಲಾಸು, ಪಿಯುಸಿ ಹುಡುಗಿಯರಿಗೆ ಮೊದ್ಲು ಸೀಟು, ಜಾಗ ಉಳಿದ್ರೆ ನಾವು. ಬಯಲು ರಂಗಮಂದಿರ, ಚಳಿ ಇರ್ತದೆ, ಶಾಲು ತಗೊಳ್ರಿ. ಬುತ್ತಿಗೆ ಚಿತ್ರಾನ್ನ ನಾನು ಮಾಡ್ತೀನಿ, ಮೊಸರನ್ನ ಯಾರಾದ್ರೂ ಒಪ್ಕೊಳ್ರಿ.