ಸಿಂಪಡಿಕೆಯ ವಿಷವೂ ಕೆರೆಯ ಮೀನೂ

ಪೈರಿಗೆ ಕೀಟನಾಶಕವನ್ನು ಸಿಂಪಡಿಸಿದ ತರುವಾಯ ಪಂಪನ್ನೂ ಡಬ್ಬಿಗಳನ್ನೂ ಕೆರೆಯಲ್ಲಿಯೇ ತೊಳೆಯುವ ಪದ್ಧತಿಯು ಅನೇಕ ಗ್ರಾಮಗಳಲ್ಲಿ ಕಂಡುಬರುತ್ತದೆ. ಇದು ಅಲ್ಪ ವಿಷಯವೆಂದು ಉಪೇಕ್ಷಿಸತಕ್ಕದ್ದಲ್ಲ.

ಸೈಪರ್‌ಮೆಥ್ರಿನ್ ಮೊದಲಾದ ಔಷಧಿಗಳಿಂದ ದನಕರುಗಳಿಗಿಂತ ಮೀನುಗಳಿಗೆ ಬಹಳ ಹೆಚ್ಚಿನ ಅಪಾಯವುಂಟು. ಲೀಟರು ನೀರಿಗೆ ಕೆಲವೇ ಮೈಕ್ರೊಗ್ರಾಂ ಬೆರೆತರೂ ಗೆಂಡೆಮೀನು ಸಾಯುತ್ತದೆ. ಮೈಕ್ರೊಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮೀನುಮರಿಗಳಿಗೆ ಆಹಾರವಾದ ಸೂಕ್ಷ್ಮ ಜಲಜಂತುಗಳೂ ಉಳಿಯುವುದಿಲ್ಲ. ಗದ್ದೆಯ ರಾಸಾಯನಿಕ ಗೊಬ್ಬರವು ಹರಿದುಬಂದಲ್ಲಿ ಪಾಚಿಯು ಹಬ್ಬಿ, ರಾತ್ರಿಯಲ್ಲಿ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿಬಿಡುವುದಕ್ಕೆ ಇದೇ ಮುಖ್ಯ ಕಾರಣ. ಮೀನು ನಶಿಸಿದ ಕೆರೆಯಿಂದ ಹರಾಜಿನ ಹಣವೂ ಇಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವ ಜೀವಿಗಳೂ ಇಲ್ಲ.

ಕಾನೂನೇ ಇದನ್ನು ತಡೆಯಲೆಂದು ಕೆಲವರು ಹೇಳುವುದುಂಟು. ಮೀನುಗಳಿಗೆ ಘೋರವಿಷವಾದ ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲಿ ನಿಷೇಧಿಸಿತು, ನಿಜ. ಆದರೆ ಅಂಗಡಿಯಲ್ಲಿ ಕ್ರಮಬದ್ಧವಾಗಿ ದೊರೆಯುವ ಔಷಧಿಯೂ ಕೆರೆಗೆ ಬಿದ್ದರೆ ವಿಷವೇ. ಕಾನೂನು ಪ್ರತಿಯೊಂದು ಕೆರೆಯ ಏರಿಯ ಮೇಲೆ ಕಾವಲು ನಿಲ್ಲಲಾರದು.

ಆದುದರಿಂದ ಗ್ರಾಮದ ಮುಖಂಡರು ಊರೊಟ್ಟಿಗೆ ಒಂದು ಕಟ್ಟುಪಾಡನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಡಬ್ಬಿಯನ್ನು ಹೊಲದಲ್ಲಿಯೇ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೆ ಸುರಿದು ಪೈರಿಗೇ ಸಿಂಪಡಿಸತಕ್ಕದ್ದು. ಮಳೆಯ ಸೂಚನೆಯಿದ್ದ ದಿನ ಸಿಂಪಡಿಸಕೂಡದು. ಕೆರೆಯಂಚಿನಲ್ಲಿ ಹುಲ್ಲಿನ ಪಟ್ಟಿಯೊಂದನ್ನು ಉಳುಮೆಮಾಡದೆ ಬಿಡತಕ್ಕದ್ದು. ಕೂಲಿಯಾಳು ಪಂಪನ್ನು ಕೆರೆಗೆ ಒಯ್ಯುವುದು ಹೊಲದಲ್ಲಿ ನೀರಿಲ್ಲದ್ದರಿಂದ. ಜಮೀನುದಾರರು ಒಂದು ಪೀಪಾಯಿ ನೀರನ್ನು ಅಲ್ಲಿ ಇರಿಸಿದರೆ ಅರ್ಧ ಕೆಲಸವಾದಂತೆಯೇ. ಇದಕ್ಕೆ ಹಿರಿಯ ಹಿಡುವಳಿಯವರೇ ಮೊದಲು ಮೇಲ್ಪಂಕ್ತಿಯನ್ನು ಹಾಕಿಕೊಡಬೇಕು. ಕೆರೆಯು ಎಲ್ಲರ ಸ್ವತ್ತು.