ನೀಲಿಯ ಕಡೆಯಿಂದ ನೋಡಿದರೆ

2025ರ ಓಣಂ ಸಮಯದಲ್ಲಿ ಬಂದ ಮಲಯಾಳಂ ಚಿತ್ರ ‘ಲೋಕಾ’ವನ್ನು ಎರಡೆರಡು ಸಲ ನೋಡಿದ ಹುಡುಗಿಯರು ಗಡಿನಾಡಿನ ನಮ್ಮ ಮನೆಗಳಲ್ಲೂ ಇದ್ದಾರೆ. “ಅದು ದೆವ್ವದ ಸಿನಿಮಾ ಅಲ್ಲವೇ ಫಾದರ್?” ಎಂದು ತಾಯಂದಿರು ನಮ್ಮನ್ನು ಕೇಳುತ್ತಾರೆ.

ಕೇರಳದ ಅಜ್ಜಿಕಥೆಗಳಲ್ಲಿ ಕಳ್ಳಿಯಂಕಾಟ್ಟು ನೀಲಿ ದಾರಿಹೋಕರ ರಕ್ತ ಹೀರುವ ಯಕ್ಷಿ. ಯಕ್ಷಿಯ ತಲೆಗೆ ಮೊಳೆ ಬಡಿದು ಪಳಗಿಸುವವರು ಕಡಮಟ್ಟತ್ತು ಕತ್ತನಾರ್. ಅವರೂ ನಮ್ಮಂತೆ ಪಾದ್ರಿಯೇ! ನಿರ್ದೇಶಕ ಡೊಮಿನಿಕ್ ಅರುಣ್, ಜೊತೆಗೆ ಬರೆದ ಶಾಂತಿ ಬಾಲಚಂದ್ರನ್ ಈ ಕಥೆಯನ್ನು ತಿರುಗಿಸಿಟ್ಟಿದ್ದಾರೆ. ಇಲ್ಲಿ ನೀಲಿ, ದೇಗುಲದೊಳಗೆ ಕಾಲಿಟ್ಟ ‘ತಪ್ಪಿಗೆ’ ರಾಜನ ಕೈಯಲ್ಲಿ ತನ್ನವರನ್ನು ಕಳೆದುಕೊಂಡ ಕಾಡಿನ ಹುಡುಗಿ. ಕತ್ತನಾರ್ ಮೊಳೆ ಹಿಡಿದು ಬರುವುದಿಲ್ಲ. ಅವಳ ಶಕ್ತಿಗೆ ಒಳ್ಳೆಯ ದಾರಿ ತೋರಿಸುತ್ತಾರೆ. ಇಂದಿನ ಬೆಂಗಳೂರಿನಲ್ಲಿ ಅವಳೇ ಚಂದ್ರಾ, ಪಾತ್ರ ಕಲ್ಯಾಣಿ ಪ್ರಿಯದರ್ಶನ್ ಅವರದು.

ಚಿತ್ರದ ಗಳಿಕೆ 300 ಕೋಟಿ ದಾಟಿದ್ದು ಹೊಡೆದಾಟದಿಂದ ಮಾತ್ರವೆಂದು ನಮಗನಿಸುವುದಿಲ್ಲ. ಎಲ್ಲರೂ ಹೆದರಿ ಹೆಸರಿಟ್ಟವಳಿಗೂ ಹೇಳುವ ಮಾತಿತ್ತು ಎಂಬುದು ಹುಡುಗಿಯರಿಗೆ ಹಿಡಿಸಿದೆ. (ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಪಾತ್ರವೊಂದು ಆಡಿದ ಹಗುರ ಮಾತಿಗೆ ನಿರ್ಮಾಪಕರು ಕ್ಷಮೆ ಕೇಳಿದರು, ಕೇಳಿದ್ದು ಸರಿಯೇ.)

ರಕ್ತ ಹೆಚ್ಚು, ಪುಟ್ಟ ಮಕ್ಕಳಿಗೆ ಬೇಡ. ದೊಡ್ಡವರೊಡನೆ ನೀವೂ ಕುಳಿತು ನೋಡಿ, ಮಗಳು ಎಲ್ಲಿ ಚಪ್ಪಾಳೆ ತಟ್ಟುತ್ತಾಳೆಂದು ಗಮನಿಸಿ.